ಏರು ಹತ್ತದ ಕಾರು

ಸಂಜೆ ದೀಪ ಹಚ್ಚಿ ದೇವರ ಮುಂದೆ ಕುಳಿತಾಗ ನಾನು ಬೇಡಿಕೊಳ್ಳುವುದು ಕಡಿಮೆ. ಆ ದಿನ ಸಿಕ್ಕಿದ್ದನ್ನು ಹೇಳಿಬಿಡುವುದು ನನ್ನ ರೂಢಿ. ಇವತ್ತು ನಳಕ್ಕೆ ನೀರು ಬಂತು, ಹಾಲು ಒಡೆಯಲಿಲ್ಲ, ಅತ್ತೆಯವರಿಗೆ ಮಧ್ಯಾಹ್ನ ಒಂದಿಷ್ಟು ಕಣ್ಣು ಹತ್ತಿತು, ಇಷ್ಟೇ. ದೊಡ್ಡದು ಕೊಟ್ಟಾಗ ಯಾರಾದರೂ ನೆನೆಯುತ್ತಾರೆ. ಸಣ್ಣದನ್ನು ಯಾರೂ ನೆನೆಯದಿದ್ದರೆ ದೇವರಿಗೂ ಬೇಜಾರಾದೀತು ಎಂದು ನನಗೆ ಅನಿಸುತ್ತದೆ. ಹೀಗೆ ಹೇಳುವ ಸಾಲಿನಲ್ಲಿ ಒಂದು ಸಂಜೆ ನಮ್ಮ ಹಳೆಯ ಕಾರಿನ ಎಂಜಿನ್ನೂ ಸೇರಿತು. ‘ಎಂಜಿನ್ ಕೆಲಸಾ ಮುಗೀತು, ಗಾಡಿ ಮನೀಗೆ ಬಂತು, ನಿನ್ನ ದಯಾ’ ಅಂದೆ. ಆ ಮಾತನ್ನು ಸ್ವಲ್ಪ ಲಗೂನೇ, ಅವಸರದಲ್ಲೇ ಆಡಿಬಿಟ್ಟಿದ್ದೆ.

ನಮ್ಮವರು ನೌಕರಿಯಲ್ಲಿದ್ದಾಗ ಇನ್ನೊಬ್ಬರ ಕೈಯಿಂದ ಕೊಂಡ ಕಾರು ಅದು. ಆಗಲೇ ಹಳೆಯದು. ಬಿಳಿ ಬಣ್ಣ ಈಗ ಹಾಲು ಹೆಚ್ಚಾದ ಚಹಾದ ಹಾಗೆ ಆಗಿದೆ. ನಾವಿರುವುದು ಹುಬ್ಬಳ್ಳಿಯ ನವನಗರದಲ್ಲಿ. ಸತ್ತೂರಿನ ಆಸ್ಪತ್ರೆಗಾಗಲಿ, ಧಾರವಾಡದ ಬಳಗದವರ ಮನೆಗಾಗಲಿ, ಅತ್ತೆಯವರ ತವರಾದ ಗರಗಕ್ಕಾಗಲಿ ಅದರಲ್ಲೇ ಹೋಗಿ ಬಂದವರು. ಅತ್ತೆಯವರಿಗೆ ಎಂಬತ್ತು ದಾಟಿದೆ. ಆಟೊ ಹತ್ತಲು ಮೊಳಕಾಲು ಬಗ್ಗುವುದಿಲ್ಲ, ಬಸ್ಸಿನ ಮೆಟ್ಟಿಲಂತೂ ದೂರದ ಮಾತು. ಈ ಕಾರಿನ ಹಿಂದಿನ ಸೀಟು ಸರಿಯಾಗಿ ಅವರ ಮಂಚದ ಎತ್ತರಕ್ಕಿದೆ. ಬೆನ್ನು ಕೊಟ್ಟು ಕುಳಿತು, ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟುಕೊಂಡರೆ ಆಯಿತು.

ನಮ್ಮವರಿಗೆ ಅದು ಬರೀ ಗಾಡಿಯಲ್ಲ. ನಿವೃತ್ತರಾದ ಮೇಲೆ ಮನೆಯಲ್ಲಿ ಅವರನ್ನು ಕೇಳಿ ಮಾಡುವ ಕೆಲಸವೇ ಕಡಿಮೆಯಾಗಿತ್ತು. ಅಡಿಗೆ ನನ್ನದು, ಔಷಧಿ ಡಬ್ಬಿ ನನ್ನದು, ಗ್ಯಾಸಿನವನಿಗೆ ಫೋನ್ ಮಾಡುವುದೂ ನನ್ನದೇ. ಕಾರಿನ ಕೀಲಿ ಮಾತ್ರ ಅವರ ಅಂಗಿಯ ಕಿಸೆಯಲ್ಲಿರುತ್ತಿತ್ತು. ‘ತಮ್ಮಾ, ನಾಳೆ ಒಯ್ತಿಯೇನು?’ ಎಂದು ಅತ್ತೆಯವರು ಮಗನನ್ನು ಕೇಳಿದರೆ ನಮ್ಮವರ ಬೆನ್ನು ನೆಟ್ಟಗಾಗುತ್ತಿತ್ತು.

ಆ ವರ್ಷ ಕಾರು ಹಿಂದಿನಿಂದ ನೀಲಿ ಹೊಗೆ ಬಿಡಲು ಶುರುಮಾಡಿತು. ಎಣ್ಣೆಯನ್ನೂ ಬಹಳ ಕುಡಿಯುತ್ತಿತ್ತು. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಗಾಡಿಯನ್ನು ಮೊದಲಿನಿಂದ ನೋಡುವ ಮಿಸ್ತ್ರಿ ಒಬ್ಬರಿದ್ದಾರೆ. ನಮ್ಮವರಿಗಿಂತ ನಾಲ್ಕಾರು ವರ್ಷ ಸಣ್ಣವರು, ಮಾತು ಜಾಸ್ತಿ. ಎಂಜಿನ್ ಪೂರಾ ಬಿಚ್ಚಿ ಸಿಲಿಂಡರಿನ ಒಳಮೈ ಕೊರೆಸಿ ಬೋರಿಂಗ್ ಮಾಡಿಸಬೇಕು, ಪಿಸ್ಟನ್ನು, ರಿಂಗು, ವಾಲ್ವು ಎಲ್ಲ ಹೊಸದಾಗಬೇಕು ಅಂದರು. ಆಯಿತು. ಗಾಡಿ ತಿರುಗಿ ಬಂದಾಗ ಅದರ ಸಪ್ಪಳವೇ ಬೇರೆ ಇತ್ತು. ನಾನು ಮುಂದೆ ಕುಂಕುಮ ಹಚ್ಚಿ, ನಿಂಬೆಹಣ್ಣು ಗಾಲಿಯ ಕೆಳಗಿಟ್ಟು, ಕಾಯಿ ಒಡೆದೆ.

‘ಸರ, ಈಗ ಇದು ಬಾಣಂತಿ ಇದ್ದಂಗ್ರಿ’ ಅಂದರು ಮಿಸ್ತ್ರಿ. ‘ಒಂದಿಷ್ಟು ದಿವಸ ಸಾವಕಾಶ ನಡಸ್ರಿ. ಜೋರ್ ಮಾಡಬ್ಯಾಡ್ರಿ, ಏರು ಗೀರು ಹತ್ತಸಬ್ಯಾಡ್ರಿ. ಒಳಗ ಎಲ್ಲಾ ಒಂದಕ್ಕೊಂದು ಹೊಂದ್ಕೋಬೇಕು.’

ಹಾಗಾಗಿ ನಮ್ಮವರು ನವನಗರದೊಳಗೇ ನಿಧಾನಕ್ಕೆ ಸುತ್ತಾಡಿಸಿದರು. ಅಂಗಡಿಗೆ, ಹನುಮಪ್ಪನ ಗುಡಿಗೆ, ಮತ್ತೆ ಮನೆಗೆ.

ಅದೇ ದಿನಗಳಲ್ಲಿ ಅತ್ತೆಯವರು ಕಾರಿನಲ್ಲಿ ಮಗನ ಕಾಲಡಿ ಹಾಸಲೆಂದು ಕೌದಿ ಹೊಲಿಯಲು ಕೂತರು. ಡ್ರೈವರ್ ಸೀಟಿನ ಮುಂದೆ ಕಾಲ ಕೆಳಗಿದ್ದ ರಬ್ಬರ್ ಮ್ಯಾಟು ಎಣ್ಣೆ ಕುಡಿದು ಹಾಳಾಗಿತ್ತೆಂದು ಮಿಸ್ತ್ರಿ ಅದನ್ನು ಕಿತ್ತು ಎಸೆದಿದ್ದರು. ಈಗ ಕಾಲಿಟ್ಟರೆ ಬರೀ ತಗಡು, ಎಂಜಿನ್ನಿನ ಕಾವೆಲ್ಲ ಅಲ್ಲೇ ಬಡಿಯುತ್ತಿತ್ತು. ನಮ್ಮವರಿಗೆ ಸಕ್ಕರೆ ಕಾಯಿಲೆ. ಪಾದಕ್ಕೆ ಬಿಸಿ ತಾಕಬಾರದು, ಗಾಯ ಆಗಬಾರದು, ಜೋಮು ಹಿಡಿದ ಹಾಗೆ ಅನಿಸಿದರೆ ಬಂದು ಹೇಳಬೇಕು ಎಂದು ಸತ್ತೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಅದನ್ನು ಅತ್ತೆಯವರು ಮರೆತಿರಲಿಲ್ಲ. ಗರಗದಲ್ಲಿ ಚರಕ ತಿರುವಿದ ಕೈ ಅವರದು, ಇನ್ನೂ ಗಟ್ಟಿ. ತಮ್ಮ ಹಳೆಯ ಇಳಕಲ್ ಸೀರೆ, ಮಗನ ಸವೆದ ಪ್ಯಾಂಟು, ನನ್ನ ಎರಡು ಹಳೆಯ ಲಂಗ, ಎಲ್ಲ ಪದರ ಪದರವಾಗಿ ಹಾಸಿ ಹೊಲಿದರು. ಎಂಜಿನ್ ಕಡೆಯ ತುದಿಗೆ ಕಾವು ಹೆಚ್ಚೆಂದು ಅಲ್ಲಿ ಇನ್ನಷ್ಟು ತುಂಬಿದರು. ಕಡೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಹಾಕಿದರು. ಕೌದಿಯ ಹೊಟ್ಟೆ ಖಾಲಿ ಬಿಡಬಾರದು ಎಂಬುದು ಅವರ ತವರಿನ ಪದ್ಧತಿ.

ಆ ಕೌದಿಯ ಮೇಲೆ ಚಪ್ಪಲಿ ಕಾಲು ಇಡುವುದು ಯಾರ ಮನಸ್ಸಿಗೂ ಬರುವ ಮಾತಲ್ಲ. ನಮ್ಮವರು ಡಾಕ್ಟರು ಬರೆದುಕೊಟ್ಟ ಮೆತ್ತನೆಯ ಚಪ್ಪಲಿಯನ್ನು ಕಾರಿನ ಬಾಗಿಲ ಬಳಿ ಬಿಚ್ಚಿ, ಪಕ್ಕದ ಸೀಟಿನ ಕೆಳಗಿಟ್ಟು, ಬರಿಗಾಲಲ್ಲಿ ಗಾಡಿ ನಡೆಸತೊಡಗಿದರು.

ಮಿಸ್ತ್ರಿ ಹೇಳಿದ ದಿನಗಳು ಕಳೆದವು. ಅತ್ತೆಯವರ ಕಣ್ಣು ತೋರಿಸಲು ನಾವು ಮೂವರೂ ಸತ್ತೂರಿಗೆ ಹೊರಟೆವು. ಸಪಾಟಾದ ರಸ್ತೆಯಲ್ಲಿ ಎಲ್ಲ ಚಲೋ ಇತ್ತು. ಏರು ಶುರುವಾಯಿತು, ನಮ್ಮವರು ಎಕ್ಸಲೇಟರ್ ಒತ್ತಿದರು, ಕಾರು ಮುಂದೆ ಹೋಗಲು ಒಲ್ಲೆ ಅಂದಿತು. ನಿಲ್ಲಲೂ ಇಲ್ಲ, ಕೆಮ್ಮಲೂ ಇಲ್ಲ. ಸುಸ್ತಾದ ಎತ್ತಿನ ಹಾಗೆ ನಡೆಯಿತು. ಗೇರ್ ಇಳಿಸಿದರು, ಮತ್ತೂ ಇಳಿಸಿದರು. ಹಿಂದೆ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಪಕ್ಕಕ್ಕೆ ತೆಗೆದುಕೊಂಡು ಹೋದ. ಕಿಟಕಿಯಿಂದ ಒಬ್ಬ, ‘ಕಾಕಾ, ಇಳಿದು ನೂಕ್ರಿ’ ಅಂದ.

ಅತ್ತೆಯವರು, ‘ನಿಮ್ಮಪ್ಪನ ಸೈಕಲ್ ಇದಕ್ಕಿಂತ ಲಗೂ ಹೋಗ್ತಿತ್ತು’ ಅಂದರು. ನಮ್ಮವರು ನಗಲಿಲ್ಲ.

ಮರುದಿನ ಗಾಡಿ ಮಿಸ್ತ್ರಿಯವರ ಬಳಿ ಹೋಯಿತು. ಅವರು ಎರಡು ದಿನ ಇಟ್ಟುಕೊಂಡು ಎಲ್ಲ ನೋಡಿದರು. ಪ್ಲಗ್ಗು ಬಿಚ್ಚಿದರು, ಟೈಮಿಂಗ್ ಹಿಂದೆ ಮುಂದೆ ಮಾಡಿದರು, ಕಾರ್ಬೊರೇಟರ್ ತೊಳೆದರು, ಸಿಲಿಂಡರಿನಲ್ಲಿ ದಮ್ಮು ಎಷ್ಟಿದೆ ಎಂದು ಮೀಟರ್ ಹಚ್ಚಿ ನೋಡಿದರು. ಎಲ್ಲ ಸರಿ. ಬಾನೆಟ್ ತೆಗೆದು ಎಂಜಿನ್ ಮೇಲಿನ ಎಕ್ಸಲೇಟರ್ ಕಡ್ಡಿಯನ್ನು ಕೈಯಿಂದ ಎಳೆದರೆ ಗಾಡಿ ಗುಡುಗುತ್ತಿತ್ತಂತೆ. ತಾವೇ ಓಡಿಸಿಕೊಂಡು ಏರು ಹತ್ತಿಸಿಯೂ ನೋಡಿದರು. ಸರಾಗ ಹತ್ತಿತು. ಗಾಡಿ ತಂದು ಬಿಟ್ಟು, ‘ಏನೂ ಇಲ್ರಿ ಸರ, ಕುದುರಿ ಆಗೇತಿ’ ಅಂದರು.

ಸಂಜೆ ನಮ್ಮವರು ಒಬ್ಬರೇ ಅದೇ ಏರಿಗೆ ಹೋದರು. ಕುದುರೆ ಮತ್ತೆ ಎತ್ತಾಗಿತ್ತು.

ಹೀಗೆ ಎರಡು ಮೂರು ಸಲ ಆಯಿತು. ಮಿಸ್ತ್ರಿ ನಡೆಸಿದರೆ ಹತ್ತುತ್ತದೆ, ನಮ್ಮವರು ನಡೆಸಿದರೆ ಹತ್ತುವುದಿಲ್ಲ. ಕಡೆಗೆ ಮಿಸ್ತ್ರಿ ಪಕ್ಕದಲ್ಲಿ ಕುಳಿತು ನಮ್ಮವರ ಕೈಯಿಂದಲೇ ಓಡಿಸಿದರು. ಅಂದು ನಾನೂ ಹಿಂದೆ ಇದ್ದೆ.

‘ಒತ್ರಿ ಸರ.’

‘ಒತ್ತೇನಿ.’

‘ಪೂರಾ ಒತ್ರಿ.’

‘ಪೂರಾನ ಒತ್ತೇನಪಾ. ಇನ್ನೇನ ಎದ್ದು ನಿಂದರಲೇನು?’

ಮಿಸ್ತ್ರಿ ಬಗ್ಗಿ ನೋಡಲಿಲ್ಲ. ದೊಡ್ಡವರ ಕಾಲ ಬಳಿ ಬಗ್ಗಿ ಪರೀಕ್ಷೆ ಮಾಡುವುದು ಅವರಿಗೆ ಸರಿ ಕಾಣಲಿಲ್ಲವೇನೋ. ಮನೆಗೆ ಬಂದ ಮೇಲೆ ನಾನು ಚಹಾ ಕೊಡುವಾಗ ದನಿ ಇಳಿಸಿ ಕೇಳಿದರು: ‘ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಸರ್ ಅವರ ಕಾಲಿಗೆ ಏನಾರ ಆಗೇತೇನ್ರಿ?’

ನಾನು ಇಲ್ಲ ಅಂದೆ. ಅಂದು ಒಳಗೆ ಬಂದವಳು ಕೈಯಲ್ಲಿ ಕಪ್ಪು ಹಿಡಿದುಕೊಂಡೇ ನಿಂತೆ.

ಮಾರನೆಯ ದಿನ ನಾನು ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ನಮ್ಮವರು ಬಂದು ಪಕ್ಕದಲ್ಲಿ ಕುಳಿತರು. ಅವರು ಹಾಗೆ ಬಂದು ಕೂರುವವರಲ್ಲ. ಸ್ವಲ್ಪ ಹೊತ್ತು ತಾವೂ ಸೊಪ್ಪು ಬಿಡಿಸಿದರು. ದಂಟೆಲ್ಲ ಎಲೆಯ ಕಡೆ, ಎಲೆಯೆಲ್ಲ ದಂಟಿನ ಕಡೆ.

‘ಎಂಜಿನ್‌ದಾಗ ಏನೂ ತಪ್ಪಿಲ್ಲ’ ಅಂದರು. ‘ನನ್ನ ಕಾಲಾಗೈತಿ.’

‘ಏನ್ ಮಾತಾಡ್ತೀರಿ?’

‘ಮೊನ್ನೆ ಹಿತ್ತಲಾಗ ಚಪ್ಲಿ ಜಾರಿ ಬಿದ್ದಿತ್ತು. ತುಳಸಿಕಟ್ಟಿ ಮಟಾ ಹೋದ ಮ್ಯಾಲೆ ನೋಡಿಕೊಂಡೆ, ಒಂದು ಕಾಲಾಗ ಇಲ್ಲ. ಬಿದ್ದದ್ದು ಗೊತ್ತ ಆಗಲಿಲ್ಲ. ಈಗ ಪೆಡಲ್ ಮ್ಯಾಲೆ ಕಾಲು ಇಟ್ಟರ ಎಲ್ಲಾ ಮೆತ್ತಗ ಮೆತ್ತಗ. ಎಷ್ಟು ಒತ್ತೇನಿ, ಎಲ್ಲಿಗೆ ಮುಟ್ಟೈತಿ, ಒಂದೂ ತಿಳಿಯಂಗಿಲ್ಲ. ಪೂರಾ ಒತ್ತೇನಿ ಅಂತ ಮಿಸ್ತ್ರಿಗೆ ಹೇಳಿದೆ. ಖರೇ ಹೇಳಬೇಕಂದ್ರ ನನಗ ಗೊತ್ತಿಲ್ಲ.’

‘ಡಾಕ್ಟರ್‌ಗೆ ತೋರಸೋಣ್ರಿ.’

‘ತೋರಸಿದರ ಅವರು ಏನ್ ಅಂತಾರ ನನಗ ಗೊತ್ತೈತಿ.’ ಸೊಪ್ಪಿನ ಬುಟ್ಟಿ ನನ್ನ ಕಡೆ ಸರಿಸಿದರು. ‘ಗಾಡಿ ಕೊಟ್ಟಬಿಡ್ತೇನಿ. ಮಿಸ್ತ್ರಿಗೆ ಹೇಳೇನಿ, ಯಾರರ ಇದ್ದರ ನೋಡು ಅಂತ. ಅವ್ವಗ ಈಗ ಹೇಳಬ್ಯಾಡ.’

ಆ ಸಂಜೆ ದೀಪ ಹಚ್ಚಿ ಕುಳಿತೆ. ಹಾಲು ಒಡೆದಿರಲಿಲ್ಲ, ನೀರೂ ಬಂದಿತ್ತು. ದೇವರ ಮುಂದೆ ಸುಮ್ಮನೆ ಕೂತು ಎದ್ದೆ. ಅದೂ ಅವನಿಗೆ ತಿಳಿಯುತ್ತದೆ ಎಂದುಕೊಂಡೆ.

ಶನಿವಾರ ಮಿಸ್ತ್ರಿ ಗಾಡಿ ಒಯ್ಯಲು ಬಂದರು. ಕೊಳ್ಳುವವರಿಗೆ ತೋರಿಸುವ ಮೊದಲು ಇನ್ನೊಂದು ಸಲ ಏರು ಹತ್ತಿಸಿ ನೋಡುತ್ತೇನೆ, ಸರ್ ನೀವೂ ಬನ್ನಿ ಅಂದರು. ಅತ್ತೆಯವರು ಒಳಗಿನಿಂದ ಕೋಲು ಊರಿಕೊಂಡು ಬಂದರು. ನಾವು ಹೇಳಿರದಿದ್ದರೂ ಅವರಿಗೆ ಏನೋ ವಾಸನೆ ಹತ್ತಿತ್ತು.

‘ನಾನೂ ಬರ್ತೇನಿ.’

‘ಅವ್ವಾ, ಗಾಡಿ ಪರೀಕ್ಷಾ ಮಾಡಾಕ ಹೊಂಟೇವಿ. ನೀ ಬಂದು ಏನ್ ಮಾಡ್ತಿ?’

‘ನೀವೆಲ್ಲಾರೂ ಸೇರಿ ಏನ್ ಮಾಡೀರಿ? ನಾ ಕುಂತು ನೋಡ್ತೇನಿ, ನಡೀರಿ.’

ಮಿಸ್ತ್ರಿ ಚಾಲಕರ ಸೀಟಿಗೆ, ನಮ್ಮವರು ಪಕ್ಕಕ್ಕೆ, ನಾನೂ ಅತ್ತೆಯವರೂ ಹಿಂದಕ್ಕೆ. ಅತ್ತೆಯವರು ಒಂದೊಂದೇ ಕಾಲು ಒಳಗಿಟ್ಟುಕೊಂಡು ಸರಿಯಾಗಿ ಕೂತ ಮೇಲೆ ಕೈಯಿಂದ ಪಕ್ಕದಲ್ಲಿ ತಡವಿದರು. ಸೀಟಿನ ಮೇಲೆ ಅವರ ಕೌದಿ ನಾಲ್ಕು ಮಡಿಕೆ ಆಗಿ ಇತ್ತು.

‘ಇದ್ಯಾಕ ಇಲ್ಲೈತಿ?’

ಮಿಸ್ತ್ರಿ ತಿರುಗಿ, ‘ನಾನ ತಗದು ಇಟ್ಟೇನ್ರಿ ಅಮ್ಮಾರ’ ಅಂದರು. ‘ನನ್ನ ಬೂಟು ನೋಡ್ರಿ, ಎಣ್ಣಿ ಮಣ್ಣು. ನಿಮ್ಮ ಕೈಲೆ ಹೊಲದದ್ದರ ಮ್ಯಾಲೆ ಇದನ್ನ ಇಡಲೇನ್ರಿ? ಗಾಡಿ ಮುಟ್ಟಿದಾಗೊಮ್ಮೆ ಮೊದಲ ತಗದ ಇಡ್ತೇನಿ. ಹೋಗುಮುಂದ ಮತ್ತ ಹೆಂಗಿತ್ತು ಹಂಗ ಹಾಸಿ ಹೋಗ್ತೇನಿ.’

‘ನಿನ್ನ ಕಾಲಿಗೆ ಕಾವು ಹತ್ತಂಗಿಲ್ಲೇನು? ನೀ ಏನ್ ಕಲ್ಲೇನು? ಬೂಟು ಬಿಚ್ಚು, ಹಾಸಿಕೊಂಡು ನಡಸು.’

‘ಬ್ಯಾಡ್ರಿ ಅಮ್ಮಾರ—’

‘ನನ್ನ ಮಗನ ಕಾಲಿಗೊಂದು, ನಿನ್ನ ಕಾಲಿಗೊಂದು ಅಂತ ಹೊಲದಿಲ್ಲ ನಾ. ಹಾಸು ಅಂದರ ಹಾಸು.’

ಮಿಸ್ತ್ರಿ ಬೂಟು ಬಿಚ್ಚಿದರು. ಕೌದಿಯನ್ನು ಹಾಸಿ, ಅತ್ತೆಯವರು ಹೇಳಿದ ಹಾಗೆ ದಪ್ಪ ತುದಿಯನ್ನು ಮೇಲಕ್ಕೆ, ಎಂಜಿನ್ ಕಡೆಗೆ ಒತ್ತಿ ಸಿಕ್ಕಿಸಿದರು. ಹೊರಟೆವು.

ಏರು ಬಂತು. ಮಿಸ್ತ್ರಿ ಎಕ್ಸಲೇಟರ್ ಒತ್ತಿದರು. ಕಾರು ಎತ್ತಾಯಿತು.

ಮಿಸ್ತ್ರಿಯವರ ಮುಖ ನನಗೆ ಕನ್ನಡಿಯಲ್ಲಿ ಕಾಣುತ್ತಿತ್ತು. ಗೇರ್ ಇಳಿಸಿದರು, ಮೈಯನ್ನೇ ಮುಂದಕ್ಕೆ ಬಗ್ಗಿಸಿದರು. ಗಾಡಿ ತನ್ನ ಪಾಡಿಗೆ ನಡೆಯಿತು. ಹಿಂದೆ ಯಾರೋ ಹಾರ್ನ್ ಹೊಡೆದರು. ಆಗ ನಮ್ಮವರು ಅವರ ಕಡೆ ತಿರುಗಿ, ಬಹಳ ದಿನಗಳಿಂದ ನಾನು ಕೇಳಿರದ ದನಿಯಲ್ಲಿ ಕೇಳಿದರು:

‘ಮಿಸ್ತ್ರಿ, ನಿಂದೂ ಕಾಲು ಹೋತೇನು?’

ಮಿಸ್ತ್ರಿ ಗಾಡಿಯನ್ನು ಎಡಕ್ಕೆ ತೆಗೆದು ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಇಳಿದು, ಮೊಳಕಾಲೂರಿ, ಪೆಡಲಿನ ಕೆಳಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಒಂದು ಸಲ ಪೆಡಲ್ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ನಂತರ ನಮ್ಮವರನ್ನು ನೋಡಿದರು, ನಮ್ಮವರು ನನ್ನನ್ನು ನೋಡಿದರು. ಮೂವರಿಗೂ ತಿಳಿಯಿತು. ಮಗನ ಕಾಲಿಗೆಂದು ಕಣ್ಣು ಸರಿಯಾಗಿ ಕಾಣದಿದ್ದರೂ ಸೂಜಿ ಪೋಣಿಸಿ ಪೋಣಿಸಿ ಹೊಲಿದ ಕೌದಿ ಅದು. ಅದರ ದಪ್ಪ ತುದಿ ಪೆಡಲಿನ ಕೆಳಗೆ ದಿಂಬಿನ ಹಾಗೆ ಕುಳಿತಿತ್ತು. ಪೆಡಲ್ ಅರ್ಧ ದಾರಿಗೆ ಹೋಗಿ ಅದರ ಮೇಲೆ ಒರಗುತ್ತಿತ್ತು. ಅರ್ಧ ಒತ್ತಿದರೆ ಎಂಜಿನ್ ಅರ್ಧವೇ ಉಸಿರಾಡುತ್ತದೆ.

‘ಏನಿಲ್ರಿ ಅಮ್ಮಾರ’ ಅಂದರು ಮಿಸ್ತ್ರಿ. ‘ಏನೋ ಒಂದು ಸಣ್ಣದು ಅಡ್ಡ ಬಂದಿತ್ತು.’

ಅತ್ತೆಯವರು ಕೋಲಿನ ಮೇಲೆ ಗದ್ದ ಊರಿ ಎಲ್ಲರನ್ನೂ ಒಮ್ಮೆ ನೋಡಿದರು. ‘ಸಣ್ಣದು ಅನಬ್ಯಾಡ. ನನ್ನ ಕೌದಿ ಸಣ್ಣದೇನಿಲ್ಲ’ ಅಂದರು. ‘ಇಷ್ಟು ದಿವಸ ಎಂಜಿನ್ ಬಿಚ್ಚಿ ಬಿಚ್ಚಿ ಹುಡುಕೀರಿ. ಒಬ್ಬರ ಬಗ್ಗಿ ನೋಡಬಾರದಾ?’

‘ನೋಡೂದಕ್ಕಿಂತ ಮೊದಲ ತಗದ ಇಡ್ತಿದ್ದೆನಲ್ರಿ. ಆಮ್ಯಾಲೆ ಏನ್ ಕಾಣಬೇಕು?’

‘ಮರ್ಯಾದಿ ಮಾಡಿ ಮಾಡಿ ಗಾಡಿ ನಿಂದರಸಿದ್ರಿ’ ಎಂದು ಅತ್ತೆಯವರು ನಕ್ಕರು. ಹಲ್ಲಿಲ್ಲದ ಬಾಯಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಮ್ಮವರೂ ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯದೆ ಸೆರಗಿನಿಂದ ಮುಖ ಒರೆಸಿಕೊಂಡೆ.

ಮಿಸ್ತ್ರಿ ಕೌದಿಯನ್ನು ಎತ್ತಿ, ಜಾಡಿಸದೆ, ಮಡಿಚಿ ಅತ್ತೆಯವರ ತೊಡೆಯ ಮೇಲಿಟ್ಟರು. ‘ಬರ್ರಿ ಸರ, ನೀವು ಕೂಡ್ರಿ’ ಅಂದರು.

ನಮ್ಮವರು ತಕ್ಷಣ ಹೊರಡಲಿಲ್ಲ. ಎಂಜಿನ್ ಶುರು ಮಾಡದೆಯೇ ಬರಿಗಾಲಿನಿಂದ ಪೆಡಲನ್ನು ಮೆಲ್ಲಗೆ ಒತ್ತಿದರು. ಕೆಳಗೆ ತಗಡಿಗೆ ತಾಗಿದ ಸಪ್ಪಳ ನನಗೂ ಕೇಳಿಸಿತು. ಮತ್ತೆ ಒತ್ತಿದರು.

‘ತಿಳಿತೇನ್ರಿ?’ ಎಂದು ನಾನು ಹಿಂದಿನಿಂದ ಮೆಲ್ಲಗೆ ಕೇಳಿದೆ.

‘ತಿಳೀತು’ ಅಂದರು. ‘ತಳಕ್ಕ ಮುಟ್ಟಿದ್ದು ತಿಳೀತು. ತಗಡು ಬೆಚ್ಚಗೈತಿ, ಅದೂ ತಿಳೀತು.’

ಅವರಿಗೆ ಚಪ್ಪಲಿ ತೊಡಿಸಿಯೇ ಮುಂದಕ್ಕೆ ಬಿಟ್ಟೆ. ಏರಿನ ಅರ್ಧದಲ್ಲಿ ನಿಂತಿದ್ದ ಗಾಡಿ ಅಲ್ಲಿಂದಲೇ ಎದ್ದು ಹತ್ತಿತು. ಮೇಲೆ ಮುಟ್ಟಿದಾಗ ಅತ್ತೆಯವರು, ‘ಈಗ ನಿಮ್ಮಪ್ಪನ ಸೈಕಲ್ ಹಿಂದ ಬಿತ್ತು’ ಅಂದರು.

ಅಷ್ಟಕ್ಕೇ ಬಿಟ್ಟಿದ್ದರೆ ನಮ್ಮವರು ಡಾಕ್ಟರ ಮಾತು ಎತ್ತುತ್ತಿರಲಿಲ್ಲ. ಚಪ್ಪಲಿ ಜಾರಿದ್ದು ಕೌದಿಯಿಂದಲ್ಲ ಎಂಬುದನ್ನು ನಾನು ಮರೆತಿರಲಿಲ್ಲ. ಹೇಗೂ ಸತ್ತೂರಿನ ದಾರಿಯಲ್ಲೇ ಇದ್ದೆವು. ಮಿಸ್ತ್ರಿಯೂ, ‘ಗಾಡಿ ನಾ ನೋಡೇನಿ, ಕಾಲು ಅವರು ನೋಡ್ಲಿ ಸರ’ ಎಂದು ನನ್ನ ಕಡೆ ಸೇರಿದರು. ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮವರಿಗೆ ಕಣ್ಣು ಮುಚ್ಚಿಸಿ, ಬಿರುಸಾದ ನೈಲಾನ್ ದಾರದಿಂದ ಪಾದದ ಅಲ್ಲಲ್ಲಿ ಮುಟ್ಟಿದರು. ಮುಟ್ಟಿದಾಗೊಮ್ಮೆ ನಮ್ಮವರು ‘ಹ್ಞೂಂ’ ಅನ್ನುತ್ತಿದ್ದರು. ನಾನು ಆ ಒಂದೊಂದು ‘ಹ್ಞೂಂ’ ಎಣಿಸಿದೆ. ಬಲಗಾಲಿನ ಹೆಬ್ಬೆರಳ ತುದಿಗೆ ದಾರ ತಾಗಿದಾಗ ಸುಮ್ಮನಿದ್ದರು.

ಬೆರಳ ತುದಿಯಲ್ಲಿ ಸ್ಪರ್ಶ ಕಡಿಮೆ ಆಗಿದೆ, ಚಪ್ಪಲಿ ಜಾರಿದ್ದು ತಿಳಿಯದ್ದು ಅದಕ್ಕೇ, ಉಳಿದಂತೆ ಪಾದ ಚೆನ್ನಾಗಿದೆ ಅಂದರು ಡಾಕ್ಟರು. ಸಕ್ಕರೆ ಹಿಡಿತದಲ್ಲಿರಲಿ, ಬರಿಗಾಲು ಬೇಡ, ಹಗಲು ಹೊತ್ತು ಹತ್ತಿರದ ದಾರಿ ಓಡಿಸಿ, ಆಗಾಗ ಬಂದು ತೋರಿಸಿ. ಮತ್ತು ದಿನಾ ಸಂಜೆ ಯಾರಾದರೂ ಪಾದ ನೋಡಬೇಕು, ಕೆಂಪಾಗಿದೆಯೋ, ಸೀಳಿದೆಯೋ ಎಂದು. ತನ್ನ ಅಂಗಾಲು ತನಗೆ ಕಾಣುವುದಿಲ್ಲವಲ್ಲ.

ಮಿಸ್ತ್ರಿ ಗಾಡಿ ಒಯ್ಯಲಿಲ್ಲ. ಮುಂದಿನ ವಾರ ಒಂದು ತೆಳ್ಳನೆಯ ರಬ್ಬರ್ ಮ್ಯಾಟು ತಂದು, ಪೆಡಲಿನ ಜಾಗಕ್ಕೆ ಕತ್ತರಿಸಿ ಹಾಸಿ ಹೋದರು. ಕೌದಿ ಹಿಂದಿನ ಸೀಟಿನಲ್ಲಿದೆ, ಅದರ ಮೇಲೆ ಕೌದಿಯ ಒಡತಿ.

ಈಗ ದೀಪ ಹಚ್ಚಿದ ಮೇಲೆ ನನಗೆ ಇನ್ನೊಂದು ಕೆಲಸ. ನಮ್ಮವರು ಕುರ್ಚಿಯ ಮೇಲೆ ಕೂರುತ್ತಾರೆ, ನಾನು ಕೆಳಗೆ ಕುಳಿತು ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತೇನೆ. ಮೊದಮೊದಲು, ‘ಬಿಡಲೇ, ಅವ್ವ ನೋಡಾಕತ್ಯಾಳ’ ಎಂದು ಕಾಲು ಎಳೆದುಕೊಳ್ಳುತ್ತಿದ್ದರು. ಇತ್ತೀಚೆಗೆ ಎಳೆದುಕೊಳ್ಳುವುದಿಲ್ಲ. ಹಿಮ್ಮಡಿ ಚಲೋ ಇದೆ, ನಡುವೆ ಚಲೋ ಇದೆ, ಹೆಬ್ಬೆರಳು ನಿನ್ನೆಯ ಹಾಗೆಯೇ ಇದೆ. ದೇವರಿಗೆ ಹೇಳುವುದನ್ನೆಲ್ಲ ನಾನು ಅಲ್ಲೇ, ಆ ಪಾದವನ್ನು ಹಿಡಿದುಕೊಂಡೇ ಹೇಳಿ ಮುಗಿಸುತ್ತೇನೆ.

ಮಂಚದ ಮೇಲಿನಿಂದ ಅತ್ತೆಯವರ ದನಿ ಬರುತ್ತದೆ: ‘ನೋಡವ್ವಾ, ಕಿರುಬೆರಳ ಸಂದಿ ಬಿಟ್ಟಿ.’